ಬಾಗಿಲ ಮಲ್ಲಯ್ಯನಿಗೆ ಒನ್ಸ್ ಮೋರ್

ಕರೇಕಲ್ಲುಕೋಟೆ
ಹಾಗಲವಾಡಿ ಅಂಚೆ, ಗುಬ್ಬಿ ತಾಲ್ಲೂಕು
೫ ಆಗಸ್ಟ್ ೧೯೫೮

ಷಡಕ್ಷರಿ,

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆದು ಅಭ್ಯಾಸ. ಈ ಸಲ ಬರೆಯುವುದಿಲ್ಲ. ನಿನ್ನ ಕ್ಷೇಮವನ್ನೂ ಕೇಳುವುದಿಲ್ಲ.

ಕಳೆದ ವಾರ ಗುಬ್ಬಿಯಲ್ಲಿ ನಿನ್ನ ನಾಟಕ ನೋಡಿದೆ. ನಿಮ್ಮ ಭಾವ ಗಾಡಿಗೆ ಕೊಬ್ಬರಿ ತುಂಬಿಕೊಂಡು ಸಂತೆಗೆ ಹೊರಟಿದ್ದವರು, "ನಿನ್ ತಮ್ಮನ ನಾಟ್ಕ ಆಡ್ತಾರಂತೆ, ಬಾ ಹೋಗಾನ" ಅಂದರು. ಪೆಟ್ಟಿಗೆಯಲ್ಲಿದ್ದ ಒಳ್ಳೆಯ ಸೀರೆ ಉಟ್ಟುಕೊಂಡು ಹೋದೆ ಕಣೋ. ದಾರಿಯಲ್ಲಿ ಸಿಕ್ಕವರಿಗೆಲ್ಲ, ನನ್ನ ತಮ್ಮ ತುಮಕೂರಿನ ಹೈಸ್ಕೂಲಿನಲ್ಲಿ ಕನ್ನಡ ಪಂಡಿತ, ಅವನೇ ಬರೆದ ನಾಟಕ ಎಂದು ಹೇಳಿಕೊಂಡು ಹೋದೆ. ಆ ಬಾಯಿಗೆ ಈಗ ಬರೆ ಹಾಕಿಕೊಳ್ಳಬೇಕು ಅನ್ನಿಸುತ್ತಿದೆ.

ಪರದೆ ಎದ್ದರೆ ನಮ್ಮ ಊರಿನ ಕೋಟೆ! ನಿಮ್ಮ ಭಾವನ ವಂಶದ ಹಿರಿಯ, ಬಾಗಿಲ ಮಲ್ಲಯ್ಯ! ಹೆಸರನ್ನು ಸಹ ಬದಲಾಯಿಸುವ ಮರ್ಯಾದೆ ನಿನಗಿರಲಿಲ್ಲ.

ಕೆಲವು ವರ್ಷದ ಹಿಂದೆ ಕಾರ್ತಿಕಕ್ಕೆ ಬಂದಿದ್ದೆಯಲ್ಲ, ಅವತ್ತು ನಮ್ಮ ಹೊಸ್ತಿಲ ಪಕ್ಕ ನೀರಿನ ಹಂಡೆ ನೋಡಿದೆ. ಬಾಗಿಲ ಅಗುಳಿ ಕಿತ್ತು ದೇವರ ಗೂಡಿನಲ್ಲಿಟ್ಟಿದ್ದನ್ನು ನೋಡಿದೆ. ಯಾಕೆ ಎಂದು ಕೇಳಿದೆ. ನಾನೇ ಕೂತು ಹೇಳಿದೆ. ಕೋಟೆಗೆ ಮುತ್ತಿಗೆ ಬಿದ್ದಿತ್ತು, ಒಳಗಿನ ಬಾವಿ ಬತ್ತಿತ್ತು, ಕೂಸುಗಳು ನಾಲಿಗೆ ಒಣಗಿ ಅಳುವುದನ್ನೂ ನಿಲ್ಲಿಸಿದ್ದವು. ದಳವಾಯಿ ಮುದ್ದನಾಯಕ, ಗಂಡಸರು ಕಾದಾಡಿ ಸಾಯಲಿ, ಹೆಂಗಸರು ಮಕ್ಕಳು ಬೆಂಕಿಗೆ ಬೀಳಲಿ ಎಂದು ಅಪ್ಪಣೆ ಮಾಡಿದ. ಬಾಗಿಲ ಕಾವಲಿನ ಮಲ್ಲಯ್ಯ ಒಬ್ಬನೇ ಹೋಗಿ ಬಾಗಿಲು ತೆಗೆದ. ಬೀಗದ ಕೈಯನ್ನು ತಟ್ಟೆಯಲ್ಲಿಟ್ಟು ಶತ್ರುವಿನ ಮುಂದೆ ಹಿಡಿದು, "ಜನ ಕೆರೆಗೆ ಹೋಗಿ ನೀರು ಕುಡಿಯಲಿ, ಆಮೇಲೆ ನನ್ನನ್ನು ಏನು ಬೇಕಾದರೂ ಮಾಡು" ಎಂದ. ಜನ ಬದುಕಿದರು. ಮಲ್ಲಯ್ಯನನ್ನು ಮುದ್ದನಾಯಕನ ಕಡೆಯವರೇ ಕಡಿದು ಹಾಕಿದರು. ಅದಕ್ಕೇ ಕಾರ್ತಿಕದ ಕೊನೆಯ ಸೋಮವಾರ ನಮ್ಮ ಮನೆಯ ಬಾಗಿಲು ಹಾಕುವುದಿಲ್ಲ, ಯಾರು ಬಂದರೂ ನೀರು ಕೊಡುತ್ತೇವೆ. ಇಷ್ಟೇ ನಾನು ಹೇಳಿದ್ದು. ನೀನು ಮಜ್ಜಿಗೆ ಕುಡಿದು, "ಅದ್ಭುತವಾಗಿದೆ ಅಕ್ಕ" ಎಂದೆ.

ಆ ಅದ್ಭುತವನ್ನು ಏನು ಮಾಡಿದ್ದೀಯ ನೋಡು. ನಿನ್ನ ಮಲ್ಲಯ್ಯ ಪ್ರಾಣಭಯಕ್ಕೆ ಬಾಗಿಲು ತೆಗೆಯುತ್ತಾನೆ. ಗಡಗಡ ನಡುಗುತ್ತಾ ಬಂದು ಮುದ್ದನಾಯಕನ ಕಾಲು ಹಿಡಿಯುತ್ತಾನೆ. ಮುದ್ದನಾಯಕ "ಎಲೋ ಹೇಡಿ! ನಿನ್ನ ವಂಶದ ಮನೆಗೆ ಅಗುಳಿ ನಿಲ್ಲದಿರಲಿ!" ಎಂದು ಶಾಪ ಹಾಕಿ ಎದೆಗೆ ಒದೆಯುತ್ತಾನೆ. ನಾವು ತಲೆತಲಾಂತರದಿಂದ ನಡೆಸಿಕೊಂಡು ಬಂದ ವ್ರತವನ್ನು ನೀನು ಶಾಪ ಮಾಡಿಬಿಟ್ಟೆ!

ಜನ ಏನು ಮಾಡಿದರು ಗೊತ್ತೇ? ಒಳ್ಳೆಯ ಹಾಡಿಗೆ ಕೂಗುವ ಹಾಗೆ ಆ ಒದೆಗೆ "ಒನ್ಸ್ ಮೋರ್" ಕೂಗಿದರು. ಬಿದ್ದವನು ಎದ್ದು ಬಂದು ಅದೇ ಜಾಗದಲ್ಲಿ ನಿಂತು ಮತ್ತೆ ಒದೆ ತಿಂದ. ಮತ್ತೆ ಕೂಗಿದರು, ಮತ್ತೆ ತಿಂದ. ನಿಮ್ಮ ಭಾವ ನನ್ನ ಪಕ್ಕದಲ್ಲೇ ಕೂತಿದ್ದರು. ಅವರ ಕಡೆ ತಿರುಗಿ ನೋಡಲು ನನಗೆ ಮುಖವಿರಲಿಲ್ಲ.

ಆ ದೃಶ್ಯ ತೆಗೆ. ಇಲ್ಲವೇ ಹೆಸರು ತೆಗೆ. ಯಾವುದೆಂದು ಕೂಡಲೇ ಬರೆ.

ಕಾಗದದ ಕೊನೆಯಲ್ಲಿ "ನಿನ್ನ ಅಕ್ಕ" ಎಂದು ಬರೆಯಬೇಕು. ಕೈ ಬರುತ್ತಿಲ್ಲ.

ಬಸವಲಿಂಗಮ್ಮ


ಚಿಕ್ಕಪೇಟೆ, ತುಮಕೂರು
೧೪ ಆಗಸ್ಟ್ ೧೯೫೮

ಅಕ್ಕನಿಗೆ ಷಡಕ್ಷರಿಯ ನಮಸ್ಕಾರಗಳು.

ನಿನ್ನ ಕಾಗದವನ್ನು ಎರಡು ಬಾರಿ ಓದಿದೆ. ನೀನು ನೋಡಿದ್ದು ನಾಟಕವನ್ನೋ, ನಿಮ್ಮ ಮನೆಯ ಜಾತಕವನ್ನೋ ನನಗೆ ತಿಳಿಯಲಿಲ್ಲ.

ಸಾಹಿತ್ಯದಲ್ಲಿ ಧೈರ್ಯವನ್ನು ತೋರಿಸುವುದಕ್ಕೆ ಒಂದು ಕ್ರಮವಿದೆ. ಅದು ಹಿಂದಿನ ಸಾಲಿನಲ್ಲಿ ಕೂತವನಿಗೂ ಕಾಣಬೇಕು. ಎತ್ತಿದ ಕತ್ತಿ ಕಾಣುತ್ತದೆ. ತಟ್ಟೆಯಲ್ಲಿಟ್ಟ ಬೀಗದ ಕೈ ಕಾಣುವುದಿಲ್ಲ. ಹೇಡಿಯೊಬ್ಬ ಪಕ್ಕದಲ್ಲಿ ನಿಲ್ಲದಿದ್ದರೆ ವೀರನ ಎತ್ತರ ಜನರಿಗೆ ಅಳತೆಗೆ ಸಿಕ್ಕುವುದಿಲ್ಲ. ಇದನ್ನು ನಾನು ಕಂಡುಹಿಡಿದದ್ದಲ್ಲ, ನಮ್ಮ ಹಳೆಯ ಕವಿಗಳೆಲ್ಲ ನಡೆದ ದಾರಿ. ಶರಣಾಗತನಾದವನನ್ನು ಹೊಗಳಿದ ಒಂದು ಪದ್ಯ ತೋರಿಸು, ನಾನು ಪಂಡಿತಗಿರಿ ಬಿಡುತ್ತೇನೆ. ಪುಸ್ತಕ ಬೇಡ, ನಿಮ್ಮೂರ ಕೆರೆ ಏರಿಗೇ ಹೋಗಿ ನೋಡು. ಅಲ್ಲಿ ಸಾಲಾಗಿ ವೀರಗಲ್ಲುಗಳಿವೆ. ಒಂದೊಂದರಲ್ಲೂ ಕತ್ತಿ ಹಿಡಿದು ಸತ್ತವನಿದ್ದಾನೆ. ಬಾಗಿಲು ತೆಗೆದವನಿಗೆ ಯಾರಾದರೂ ಒಂದು ಕಲ್ಲು ನಿಲ್ಲಿಸಿದ್ದಾರೆಯೇ?

ಜನ ಆ ಒದೆಗೆ ಒನ್ಸ್ ಮೋರ್ ಕೂಗಿದ್ದು ಮಲ್ಲಯ್ಯನ ಮೇಲಿನ ದ್ವೇಷದಿಂದಲ್ಲ. ತಮ್ಮೊಳಗಿನ ಹೇಡಿತನವನ್ನು ಯಾರೋ ಒದ್ದರಲ್ಲ ಎಂಬ ಸಮಾಧಾನದಿಂದ. ಅದು ನಾಟಕದ ಹೃದಯ. ಹೃದಯವನ್ನು ಕಿತ್ತುಕೊಡು ಎಂದರೆ ಕೊಡಲಾರೆ.

ಹೆಸರು ಈಗಾಗಲೇ ಅಚ್ಚಾಗಿದೆ. ಶಾಲೆಗಳಿಗೆ ಉಪಪಠ್ಯವಾಗಿ ಇಡುವ ಮಾತು ಬೆಂಗಳೂರಿನಲ್ಲಿ ನಡೆಯುತ್ತಿದೆ. ಈ ಹೊತ್ತಿನಲ್ಲಿ ತಿದ್ದುವುದು ಸಾಧ್ಯವಿಲ್ಲ.

ಗೌರಿ ಹಬ್ಬಕ್ಕೆ ಸೀರೆ ಕಳಿಸುತ್ತಿದ್ದೇನೆ. ಭಾವನವರಿಗೆ ನನ್ನ ನಮಸ್ಕಾರ.

ಇತಿ ನಿನ್ನ ತಮ್ಮ,
ಷಡಕ್ಷರಿ


ಕರೇಕಲ್ಲುಕೋಟೆ
೨೦ ಸೆಪ್ಟೆಂಬರ್ ೧೯೫೮

ಪಂಡಿತರಿಗೆ,

ಈ ಕಾಗದದ ಜೊತೆಗೇ ಪಾರ್ಸಲ್ಲಿನಲ್ಲಿ ನಿನ್ನ ಸೀರೆ ವಾಪಸ್ ಬರುತ್ತಿದೆ. ಮಡಿಕೆ ಸಹ ಬಿಚ್ಚಿಲ್ಲ. ಈ ಸಲ ಗೌರಿಗೆ ತವರಿನ ಸೀರೆ ಇಲ್ಲದೆ ಪೂಜೆ ಮಾಡಿದೆ. ಓರಗಿತ್ತಿಯರೆಲ್ಲ ನೋಡಿದರು. ನೋಡಲಿ ಬಿಡು.

ಹಿಂದಿನ ಸಾಲಿನಲ್ಲಿ ಕೂತವನಿಗೂ ಕಾಣಬೇಕು ಎಂದು ಬರೆದಿದ್ದೀಯ. ಗುಬ್ಬಿಯಲ್ಲಿ ಹಿಂದಿನ ಸಾಲಿನಲ್ಲಿ ಕೂತವಳು ನಾನೇ. ನನಗೆ ಕಂಡಿದ್ದು, ಆಯುಧವಿಲ್ಲದ ಒಬ್ಬನನ್ನು ಕತ್ತಿಯಿರುವ ಇನ್ನೊಬ್ಬ ಒದೆಯುವುದು. ಅದಕ್ಕೆ ಧೈರ್ಯ ಎನ್ನುತ್ತಾರೆ ಎಂದು ನಿನ್ನ ಹೈಸ್ಕೂಲಿನಲ್ಲಿ ಹೇಳಿಕೊಡುತ್ತೀಯೇನೋ, ಕಡಬದ ಮನೆಯಲ್ಲಿ ನಮ್ಮಪ್ಪ ಹೇಳಿಕೊಟ್ಟಿರಲಿಲ್ಲ.

ವೀರಗಲ್ಲು ನೋಡು ಎಂದೆಯಲ್ಲ. ದಿನಾ ಅದರ ಪಕ್ಕದಲ್ಲೇ ಬಟ್ಟೆ ಒಗೆಯುತ್ತೇನೆ. ಆ ಕಲ್ಲು ನಿಲ್ಲಿಸಿದವರು ಯಾರು? ಬೆಂಕಿಗೆ ಬಿದ್ದವರು ಎದ್ದು ಬಂದು ನಿಲ್ಲಿಸಿದರೇ? ನೀರು ಕುಡಿದು ಬದುಕಿದವರು ನಿಲ್ಲಿಸಿದ ಕಲ್ಲು ಅವು. ಅಷ್ಟು ಓದಿದವನಿಗೆ ಇಷ್ಟು ಹೊಳೆಯಲಿಲ್ಲವೇ?

ಹೇಡಿ ಎಂಬ ಮಾತು ನಿನಗೆ ಬಲು ಸಲೀಸಾಗಿ ಬರುತ್ತದೆ. ಆದ್ದರಿಂದ ಕೇಳುತ್ತೇನೆ. ಕಡಬದ ಕೆರೆಯಲ್ಲಿ ನಾನು ತೂಬಿನ ಕಲ್ಲಿನಿಂದ ಜಾರಿ ಬಿದ್ದ ದಿನ ನೆನಪಿದೆಯೇ? ನಿನಗೆ ಏಳು ವರ್ಷ, ಈಜು ಬರುತ್ತಿರಲಿಲ್ಲ. ನೀನು ನೀರಿಗೆ ಹಾರಲಿಲ್ಲ. ಓಡಿದೆ. ಎಮ್ಮೆ ಮೈ ತೊಳೆಯುತ್ತಿದ್ದ ಯಲ್ಲಯ್ಯನನ್ನು ಕರೆತಂದೆ, ಅವನು ನನ್ನ ಜುಟ್ಟು ಹಿಡಿದು ಎಳೆದು ಹಾಕಿದ. ಅಪ್ಪ ನಿನ್ನನ್ನು ಎತ್ತಿಕೊಂಡು ಬೆಲ್ಲ ತಿನ್ನಿಸಿದರು. ದೊಡ್ಡಪ್ಪ ಒಬ್ಬರೇ ಜನರೆದುರಿಗೆ, "ಅಕ್ಕ ಮುಳುಗ್ತಿದ್ರೆ ಬುಟ್ಟು ಓಡ್ಬಂದ್ಯೇನ್ಲಾ, ಹೇಡಿ" ಅಂದರು. ದೊಡ್ಡಪ್ಪನ ಆ ಮಾತನ್ನು ನೀನು ತಂದು ನಮ್ಮ ಮಲ್ಲಯ್ಯನ ಎದೆಗೆ ಒದೆಸಿದ್ದೀಯ. ನನಗೆ ಹಾಗೆ ಅನ್ನಿಸುತ್ತದೆ.

ಇನ್ನೊಂದು ಸುದ್ದಿ. ನಿನ್ನ ನಾಟಕ ಸಂಕ್ರಾಂತಿಗೆ ನಮ್ಮೂರಿಗೇ ಬರುತ್ತಿದೆ. ಹಾಳು ಕೋಟೆಯ ಬಾಗಿಲಲ್ಲೇ ಆಡುವುದಂತೆ, ಹಗಲು ಹೊತ್ತಿನಲ್ಲಿ. ನಮ್ಮ ಕಡೆಯ ಪದ್ಧತಿ ನಿನಗೆ ಗೊತ್ತಲ್ಲ, ಹೆಚ್ಚು ಹಣ ಹಾಕಿದವನಿಗೆ ದೊಡ್ಡ ಪಾತ್ರ. ಹಿಟ್ಟಿನ ಮಿಲ್ಲಿನ ಪುಟ್ಟರಂಗಯ್ಯ ಮುದ್ದನಾಯಕನ ಪಾತ್ರ ಹಿಡಿದಿದ್ದಾನೆ. ಮಲ್ಲಯ್ಯನ ಪಾತ್ರಕ್ಕೆ ಯಾರೂ ಹಣ ಹಾಕಲಿಲ್ಲ. ಆಗ ಊರ ಹಿರಿಯರು ಕೂತು, "ಬಾಗಿಲ ಮಲ್ಲಯ್ಯನ ಪಾತ್ರ ಬಾಗಿಲ ಮನೆಯೋರ್ಗೇ ಸೇರಿದ್ದು, ಮೊದ್ಲ ಹಕ್ಕು ಅವ್ರದೇ" ಎಂದು ತೀರ್ಮಾನ ಮಾಡಿದ್ದಾರೆ. ಮರ್ಯಾದೆ ಕೊಡುತ್ತಿದ್ದೇವೆ ಎಂದೇ ತಿಳಿದುಕೊಂಡು, ತಟ್ಟೆಯಲ್ಲಿ ವೀಳ್ಯ ಇಟ್ಟುಕೊಂಡು, ಓಲಗದವನ ಜೊತೆ ನಮ್ಮ ಮನೆಗೆ ಬಂದರು. ಊರು ಕೊಟ್ಟ ವೀಳ್ಯವನ್ನು ಈ ಮನೆಯವರು ಯಾವತ್ತೂ ಬೇಡ ಎಂದಿಲ್ಲ. ನಿಮ್ಮ ಭಾವ ಎರಡೂ ಕೈ ಚಾಚಿ ವೀಳ್ಯ ಹಿಡಿದರು ಕಣೋ! ನಾನು ಅಡಿಗೆಮನೆ ಬಾಗಿಲಲ್ಲಿ ನಿಂತು ನೋಡಿದೆ.

ಈಗ ನನ್ನ ಗಂಡ ಊರೆಲ್ಲರ ಮುಂದೆ ನಿನ್ನ ಒದೆ ತಿನ್ನಬೇಕು, ಕೂಗಿದಷ್ಟು ಸಲ. ಏನು ಮಾಡುತ್ತೀಯ?

ಬಸವಲಿಂಗಮ್ಮ


ತುಮಕೂರು
೨ ಅಕ್ಟೋಬರ್ ೧೯೫೮

ಅಕ್ಕ,

ಸೀರೆ ಬಂದಿದೆ. ನನ್ನ ಹೆಂಡತಿ ಅತ್ತಳು. ಅವಳೇನು ತಪ್ಪು ಮಾಡಿದ್ದಳು?

ಕೆರೆಯ ವಿಷಯ ಇನ್ನೊಮ್ಮೆ ಎತ್ತಬೇಡ. ಎತ್ತಿದರೆ ನನ್ನಿಂದ ಕಾಗದ ಬರುವುದಿಲ್ಲ. ಸಾಹಿತ್ಯದ ಮಾತು ಬಂದಲ್ಲಿ ನೀನು ಅದನ್ನು ತಂದದ್ದು ನೀಚತನ.

ಭಾವ ಆ ಪಾತ್ರವನ್ನು ಮಾಡಬಾರದು. ವೀಳ್ಯ ವಾಪಸ್ ಕೊಡಲಿ. ಮೈ ಸರಿಯಿಲ್ಲ ಎನ್ನಲಿ, ಕೊಬ್ಬರಿ ವ್ಯಾಪಾರಕ್ಕೆ ಅರಸೀಕೆರೆಗೆ ಹೋಗಬೇಕು ಎನ್ನಲಿ. ನೂರು ನೆಪಗಳಿವೆ. ವೀಳ್ಯಕ್ಕೆ ಹೆದರಿ ಒದೆ ತಿನ್ನುವುದನ್ನು ನೀನು ಏನೆಂದು ಕರೆಯುತ್ತೀಯೋ ನನಗೆ ಗೊತ್ತಿಲ್ಲ.

ನಿನ್ನ ಕಾಗದದಲ್ಲಿದ್ದ ವೀರಗಲ್ಲಿನ ಮಾತನ್ನು ನಮ್ಮ ಮುದ್ರಕರಾದ ಮನ್ಸೂರ್ ಅಲಿಯವರಿಗೆ ಓದಿ ಹೇಳಿದೆ. ಅವರು ನಕ್ಕು, "ನಿಮ್ಮ ಅಕ್ಕ ವಕೀಲ್ರಾಗ್ಬೇಕಿತ್ತು ಪಂಡಿತ್ರೇ. ಆದ್ರೆ ಜನಕ್ಕೆ ಒದೆ ಬೇಕು. ಒದೆ ಇರೋ ಪುಸ್ತಕ ಖರ್ಚಾಗುತ್ತೆ" ಎಂದರು. ಮೊದಲ ಮುದ್ರಣ ಮುಗಿಯುತ್ತಾ ಬಂದಿದೆ.

ಷಡಕ್ಷರಿ


ಕರೇಕಲ್ಲುಕೋಟೆ
೧೦ ಡಿಸೆಂಬರ್ ೧೯೫೮

ಷಡಕ್ಷರಿ,

ಎರಡು ತಿಂಗಳು ಸುಮ್ಮನಿದ್ದೆ. ನಿನಗೆ ಬರೆಯುವುದಿಲ್ಲ ಎಂದು ದೇವರ ಮುಂದೆ ಹೇಳಿಕೊಂಡಿದ್ದೆ. ಈಗ ಆ ಮಾತು ಮುರಿಯುತ್ತಿದ್ದೇನೆ.

ಮೊನ್ನೆ ಕಾರ್ತಿಕದ ಕೊನೆಯ ಸೋಮವಾರ. ಎಂದಿನಂತೆ ಅಗುಳಿ ಕಿತ್ತು ಗೂಡಿನಲ್ಲಿಟ್ಟೆವು, ಹಂಡೆಗೆ ನೀರು ತುಂಬಿದೆವು. ಮಧ್ಯಾಹ್ನ ಪಡ್ಡೆಗಳ ಗುಂಪೊಂದು ಬಂತು. ನೀರು ಕುಡಿಯಲಿಕ್ಕಲ್ಲ. ಹೊಸ್ತಿಲಾಚೆ ನಿಂತು, ಒಬ್ಬ ಸೊಂಟಕ್ಕೆ ಕೈ ಕೊಟ್ಟುಕೊಂಡು, "ಎಲೋ ಹೇಡಿ! ನಿನ್ನ ವಂಶದ ಮನೆಗೆ ಅಗುಳಿ ನಿಲ್ಲದಿರಲಿ!" ಎಂದು ಕೂಗಿದ. ನಾಟಕದ ತಾಲೀಮು ನೋಡಿ ನೋಡಿ ಊರಿಗೆಲ್ಲ ಬಾಯಿಪಾಠವಾಗಿದೆ. ಉಳಿದವರು ಒನ್ಸ್ ಮೋರ್ ಅಂದರು. ಅವನು ಮತ್ತೆ ಕೂಗಿದ.

ನಮ್ಮತ್ತೆ ಎದ್ದು ಹೋಗಿ ಬಾಗಿಲು ಹಾಕಲು ನೋಡಿದರು. ಈ ಮನೆಗೆ ಸೊಸೆಯಾಗಿ ಬಂದ ಮೇಲೆ ಕಾರ್ತಿಕದ ಆ ದಿನ ಆಕೆ ಯಾವತ್ತೂ ಬಾಗಿಲು ಮುಟ್ಟಿದ್ದೇ ಇಲ್ಲ. ನಿಮ್ಮ ಭಾವ ಅಡ್ಡ ಬಂದರು. "ಬುಡವ್ವ, ತೆಗ್ದೇ ಇರ್ಲಿ" ಅಂದರು. ಆಮೇಲೆ ಹಂಡೆಯಿಂದ ಒಂದು ಚೊಂಬು ನೀರು ತೆಗೆದುಕೊಂಡು ಹೋಗಿ ಕೂಗಿದವನ ಮುಂದೆ ಹಿಡಿದು, "ಗಂಟ್ಲು ಒಣಗಿರ್ತದೆ, ಕುಡಿ" ಅಂದರು. ಅವನು ಚೊಂಬು ಮುಟ್ಟದೆ ಹೋದ.

ನನಗೆ ತಡೆಯಲಾಗಲಿಲ್ಲ. "ನಿಮಗೆ ಸಿಟ್ಟೇ ಬರಲ್ವಾ? ನನ್ ತಮ್ಮ ಅಂತ ಸುಮ್ನಿದೀರಾ?" ಎಂದು ಕೇಳಿಬಿಟ್ಟೆ. "ನಿನ್ ತಮ್ಮಂಗೂ ನಂಗೂ ಏನೂ ಇಲ್ಲ ಕಣೇ. ನಾನು ವೀಳ್ಯ ಹಿಡ್ದಿರೋದು ಊರಿಂದು" ಅಂದರು. ರಾತ್ರಿ ಊಟಕ್ಕೆ ಕೂತರು, ಆದರೆ ರೊಟ್ಟಿಯನ್ನು ಚೂರು ಚೂರು ಮುರಿದು ತಟ್ಟೆಯಲ್ಲೇ ಬಿಟ್ಟು ಎದ್ದರು. ಆ ಒದೆ ಹತ್ತಿರ ಬರುತ್ತಾ ಇದೆ ಎಂದು ಅವರಿಗೆ ಗೊತ್ತು. ಹೆದರಿಕೆ ಇದೆ, ಹೇಳುವುದಿಲ್ಲ.

ಈಗ ನಾನು ಒಂದೇ ಕೇಳುತ್ತೇನೆ. ಹೆಸರು ಇರಲಿ. ಶಾಪವೂ ಇರಲಿ, ಹಾಳಾಗಿ ಹೋಗಲಿ. ಒದೆ ಒಂದನ್ನು ತೆಗೆ. ತಾಲೀಮು ಮಾಡಿಸಲು ಕುಣಿಗಲ್‌ನಿಂದ ಯೋಗನರಸಿಂಹಯ್ಯ ಎಂಬ ಹಾರ್ಮೋನಿಯಂ ಮೇಷ್ಟ್ರು ಬಂದಿದ್ದಾರೆ. ನಾಚಿಕೆ ಬಿಟ್ಟು ಅವರನ್ನೇ ಹೋಗಿ ಕೇಳಿದೆ. "ಬರೆದವ್ರು ಒಂದು ಕಾರ್ಡು ಹಾಕ್ಲಿ ತಾಯಿ, ತೆಗೆದುಬಿಡ್ತೀನಿ. ನಾನಾಗೇ ಒಂದಕ್ಷರ ಮುಟ್ಟೋನಲ್ಲ" ಅಂದರು. ಒಂದು ಕಾರ್ಡು ಷಡಕ್ಷರಿ. ನಿನ್ನ ಹತ್ತಿರ ಇದುವರೆಗೆ ಏನನ್ನೂ ಬೇಡಿದವಳಲ್ಲ ನಾನು. ಈಗ ಬೇಡುತ್ತಿದ್ದೇನೆ.

ಬಸವಲಿಂಗಮ್ಮ


ತುಮಕೂರು
೨೨ ಡಿಸೆಂಬರ್ ೧೯೫೮

ಅಕ್ಕ,

ಕಾರ್ಡು ಹಾಕಲಾರೆ.

ಇದು ಹಟವಲ್ಲ. ಕುಣಿಗಲ್‌ನಲ್ಲಿ ಕಳೆದ ತಿಂಗಳು ಆಡಿದಾಗ ಆ ದೃಶ್ಯಕ್ಕೆ ಐದು ಸಲ ಒನ್ಸ್ ಮೋರ್ ಬಿತ್ತು. ನಾನು ಅಲ್ಲಿದ್ದೆ. ಅಷ್ಟು ದೊಡ್ಡ ಸಭೆ ಒಂದೇ ಉಸಿರಿನಲ್ಲಿ ಧೈರ್ಯದ ಕಡೆ ನಿಂತದ್ದನ್ನು ಕಣ್ಣಾರೆ ಕಂಡೆ. ಒದೆ ತೆಗೆದರೆ ನಾಟಕದಲ್ಲಿ ಉಳಿಯುವುದು ಬರೀ ಮಾತು. ಇವತ್ತು ಅಕ್ಕನಿಗಾಗಿ ಒಂದು ದೃಶ್ಯ, ನಾಳೆ ಇನ್ಯಾರದೋ ಭಾವನಿಗಾಗಿ ಇನ್ನೊಂದು. ಹಾಗೆ ಬರೆಯುವವನು ಬರೆಯುವುದನ್ನು ಬಿಡುವುದು ಮೇಲು.

ಭಾವನಿಗೆ ಹೆದರಿಕೆಯಿದ್ದರೆ ಪಾತ್ರ ಬಿಡಲಿ. ಮೊದಲೇ ಬರೆದಿದ್ದೆ.

ಷಡಕ್ಷರಿ


ಕರೇಕಲ್ಲುಕೋಟೆ
೫ ಜನವರಿ ೧೯೫೯

ಷಡಕ್ಷರಿ,

ಇದು ಊರಿನ ಪರವಾಗಿ ಆಮಂತ್ರಣ. ಸಂಕ್ರಾಂತಿಯ ಮಾರನೆಯ ದಿನ ಮಧ್ಯಾಹ್ನ ಊಟದ ಮೇಲೆ ನಾಟಕ. ಕವಿಗಳಿಗೆ ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿಸಿದ್ದಾರೆ. ಬಂದು ಕೂತುಕೊಂಡು ನೋಡು. ನೀನು ಬರೆದದ್ದು ನಿನ್ನ ಭಾವನ ಎದೆಗೆ ಬೀಳುವುದನ್ನು ಹತ್ತಿರದಿಂದ ನೋಡುವಷ್ಟು ಧೈರ್ಯ ನಿನಗಿದೆ ಎಂದುಕೊಂಡಿದ್ದೇನೆ.

ಬಸವಲಿಂಗಮ್ಮ


ತುಮಕೂರು
೧೩ ಜನವರಿ ೧೯೫೯

ಅಕ್ಕ,

ಜ್ವರ ಬಂದಿದೆ. ಪ್ರಯಾಣ ಮಾಡಬಾರದೆಂದು ಡಾಕ್ಟರು ಹೇಳಿದ್ದಾರೆ. ಊರಿನವರಿಗೆ ತಿಳಿಸು.

ಷಡಕ್ಷರಿ


ಕರೇಕಲ್ಲುಕೋಟೆ
೨೧ ಜನವರಿ ೧೯೫೯

ಷಡಕ್ಷರಿ,

ನಿನ್ನ ಜ್ವರದ ಕಾರ್ಡು ಬಂತು. ನೆಪ ಹುಡುಕುವುದರಲ್ಲಿ ನೀನು ನುರಿತವನು, ಭಾವನಿಗೂ ಹೇಳಿಕೊಟ್ಟಿದ್ದೆಯಲ್ಲ. ನಿನಗೆ ಹಾಕಿದ್ದ ಕುರ್ಚಿಯಲ್ಲಿ ನಾನು ಯಾರನ್ನೂ ಕೂರಗೊಡಲಿಲ್ಲ. ಖಾಲಿಯೇ ಇತ್ತು, ಎಲ್ಲರೂ ನೋಡಲಿ ಎಂದು.

ಏನಾಯಿತು ಎಂದು ನೀನು ಬೇರೆಯವರಿಂದ ಕೇಳಿ ಬಣ್ಣ ಕಟ್ಟಿ ಬರೆಯುವ ಮೊದಲು ನಾನೇ ಬರೆಯುತ್ತೇನೆ.

ಕೋಟೆ ಬಾಗಿಲ ಕಲ್ಲುಗಳ ನಡುವೆ ಪುಟ್ಟರಂಗಯ್ಯನ ಮಿಲ್ಲಿನ ಎರಡು ಹಲಗೆ ನಿಲ್ಲಿಸಿ ಬಾಗಿಲು ಮಾಡಿದ್ದರು. ಬಾಗಿಲ ಆಚೆ ಕೆರೆ. ಸುತ್ತ ಹಳ್ಳಿಗಳವರೆಲ್ಲ ಸೇರಿದ್ದರು. ನಿಮ್ಮ ಭಾವ ಬೆಳಗಿನಿಂದ ಏನೂ ತಿಂದಿರಲಿಲ್ಲ. ಬಣ್ಣ ಹಚ್ಚಿಸಿಕೊಳ್ಳುವಾಗ ಮೇಷ್ಟ್ರು, "ಚನ್ನವೀರಯ್ಯನೋರೇ, ಅಲ್ಲಾಡ್ಬೇಡಿ, ಮೀಸೆ ವಕ್ರ ಆಗುತ್ತೆ" ಎನ್ನುತ್ತಿದ್ದರು.

ಆ ದೃಶ್ಯ ಬಂತು. ಬಾಗಿಲು ತೆಗೆದರು, ಶತ್ರುವಿನ ಕಡೆಯವರು ಬಂದು ಹೋದರು, ಮೇಷ್ಟ್ರು ಹೇಳಿದಂತೆ ಮತ್ತೆ ಹಲಗೆ ಮುಚ್ಚಿದರು. ನಿಮ್ಮ ಭಾವ ನಡುಗುತ್ತಾ ಬಂದು ಪುಟ್ಟರಂಗಯ್ಯನ ಕಾಲು ಹಿಡಿದರು. ಮಾತು ಒಂದೂ ತಪ್ಪಲಿಲ್ಲ. ನೀನು ಬರೆದದ್ದನ್ನೆಲ್ಲ ಹಾಗೇ ಒಪ್ಪಿಸಿದರು. ಪುಟ್ಟರಂಗಯ್ಯ ಶಾಪ ಹಾಕಿ ಒದ್ದ. ಮೆಲ್ಲಗೇ ಒದ್ದ. ನಿಜ ಹೇಳಬೇಕು, ಅವನಿಗೂ ಸಂಕೋಚವಿತ್ತು. ಜನ ಒನ್ಸ್ ಮೋರ್ ಕೂಗಿದರು.

ಎದ್ದು ಬಂದು ನಿಂತರು. ಎರಡನೆಯದಕ್ಕೆ ಪೇಟ ಹಾರಿತು. ಜನ ನಕ್ಕರು. ಜನ ಕೂಗಿದ ಹಾಗೆ ಪುಟ್ಟರಂಗಯ್ಯನಿಗೂ ಹುಮ್ಮಸ್ಸು ಬಂತು. ಮೂರನೆಯದನ್ನು ಜೋರಾಗಿಯೇ ಕೊಟ್ಟ. ಅವರು ಹೋಗಿ ಕಲ್ಲಿನ ಮೇಲೆ ಬಿದ್ದರು. ಮೊಳಕೈ ಒಡೆದು ರಕ್ತ ಬಂತು. ನಾನು ಸೆರಗು ಬಾಯಿಗೆ ತುರುಕಿಕೊಂಡು ಕೂತಿದ್ದೆ. ಆಗ ಯಾರೂ ಕೂಗಲಿಲ್ಲ. ಪುಟ್ಟರಂಗಯ್ಯ ಮುಂದಿನ ಮಾತಿಗೆ ಗಂಟಲು ಸರಿ ಮಾಡಿಕೊಂಡ.

ನಿಮ್ಮ ಭಾವ ಎದ್ದರು. ಪೇಟ ಎತ್ತಿ ಸುತ್ತಿಕೊಂಡರು. ಬಂದು ಅದೇ ಜಾಗದಲ್ಲಿ ನಿಂತರು. ಮತ್ತೆ ಬಗ್ಗಿ ಅವನ ಕಾಲು ಹಿಡಿದರು. ಆಮೇಲೆ ನಾಟಕದ ದನಿಯಲ್ಲಲ್ಲ, ಮನೆಯಲ್ಲಿ ಮಾತಾಡುವ ದನಿಯಲ್ಲಿ, "ಒನ್ಸ್ ಮೋರ್ ಪುಟ್ಟರಂಗಣ್ಣ. ಒದಿ" ಅಂದರು.

ಹಾರ್ಮೋನಿಯಂ ನಿಂತಿತು. ಪುಟ್ಟರಂಗಯ್ಯ ಬಗ್ಗಿ, "ಬುಡು ಚನ್ನವೀರಣ್ಣ, ಸಾಕು, ಏಳು. ರಕ್ತ ಬತ್ತಾ ಐತೆ" ಅಂದ.

"ಒದಿ. ನಿನ್ ಮನೆಯೋರು ಬಂದವ್ರೆ, ಎಲ್ರ ಮನೆಯೋರೂ ಬಂದವ್ರೆ. ನೋಡು, ಅವತ್ತು ಬಾಗ್ಲು ತೆಗ್ದಿದ್ಕೆ ಎಷ್ಟ್ ಜನ ಉಳ್ಕಂಡವ್ರೆ. ಎಲ್ಲಾ ನೋಡ್ಲಿ. ಒದಿ."

ಪುಟ್ಟರಂಗಯ್ಯ ಕಾಲು ಎತ್ತಿದ. ಎತ್ತಿದವನು ಜನರ ಕಡೆ ನೋಡಿದ. ಜನ ಯಾರೂ ಅವನ ಕಡೆ ನೋಡುತ್ತಿರಲಿಲ್ಲ, ನೆಲ ನೋಡುತ್ತಿದ್ದರು. ಕಾರ್ತಿಕದಲ್ಲಿ ನಮ್ಮ ಹೊಸ್ತಿಲಲ್ಲಿ ಕೂಗಿದವನೂ ಅಲ್ಲೇ ಇದ್ದ. ಪುಟ್ಟರಂಗಯ್ಯ ಕಾಲು ಇಳಿಸಿದ. ಕಿರೀಟ ತೆಗೆದು ಪಕ್ಕಕ್ಕಿಟ್ಟು ಅಲ್ಲೇ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತುಬಿಟ್ಟ.

ನಿಮ್ಮ ಭಾವ ಎದ್ದು ಹೋಗಿ ಆ ಎರಡು ಹಲಗೆಗಳನ್ನು ಅತ್ತಿತ್ತ ಸರಿಸಿ, ಬಾಗಿಲು ಪೂರಾ ತೆಗೆದು, ವೇಷದಲ್ಲೇ ಕೆರೆಗೆ ಇಳಿದು ಬೊಗಸೆಯಲ್ಲಿ ನೀರು ಕುಡಿದರು. ಎಷ್ಟೋ ಹೊತ್ತು ಕುಡಿದರು. ನಾನು ಓಡಿಹೋಗಿ ಸೆರಗಿನಿಂದ ಅವರ ಮೊಳಕೈ ಕಟ್ಟಿದೆ. ನಾಟಕ ಅಲ್ಲಿಗೇ ಮುಗಿಯಿತು. ಮುದ್ದನಾಯಕ ಸಾಯುವಾಗ ಆಡುವ ನಿನ್ನ ಆ ಉದ್ದದ ಮಾತನ್ನು ಕೇಳಲು ಯಾರೂ ಕೂರಲಿಲ್ಲ.

ನಿನ್ನನ್ನು ಕ್ಷಮಿಸಿದೆ ಎಂದುಕೊಳ್ಳಬೇಡ. ಗಾಯ ಇನ್ನೂ ಒಣಗಿಲ್ಲ. ಅರಿಶಿನ ಹಚ್ಚುವಾಗಲೆಲ್ಲ ನಿನ್ನನ್ನು ಬೈಯುತ್ತೇನೆ. "ಅವ್ನು ಬರ್ದಿದ್ದನ್ನ ನಾನು ಆಡ್ದೆ, ಅಷ್ಟೇ ಬುಡೇ" ಎನ್ನುತ್ತಾರೆ. ಅವರು ಬಿಡಬಹುದು. ನಾನು ಬಿಡುವವಳಲ್ಲ.

ಬಸವಲಿಂಗಮ್ಮ


ತುಮಕೂರು
೩೦ ಜನವರಿ ೧೯೫೯

ಅಕ್ಕ,

ಒಂದೇ ಪ್ರಶ್ನೆ ಕೇಳಬೇಕು. ಬೈದರೂ ಪರವಾಗಿಲ್ಲ, ಉತ್ತರ ಬರೆ.

ನಾಲ್ಕನೆಯ ಸಲ ಬಂದು ನಿಂತರಲ್ಲ, ಆಗ ಭಾವ ನಡುಗುತ್ತಿದ್ದರೇ? ಪಾತ್ರಕ್ಕಾಗಿ ಅಲ್ಲ. ನಿಜವಾಗಿ.

ಎರಡನೆಯ ಮುದ್ರಣಕ್ಕೆ ಮನ್ಸೂರ್ ಅಲಿಯವರು ಅಚ್ಚಿನ ಮೊಳೆ ಜೋಡಿಸಿ ಕೂತಿದ್ದಾರೆ. ಆ ದೃಶ್ಯವನ್ನು ಮಾತ್ರ ತಡೆಹಿಡಿಯಿರಿ ಎಂದಿದ್ದೇನೆ. ಅವರು "ಪಂಡಿತ್ರೇ, ಒದೆ ತೆಗೆದ್ರೆ ಪುಸ್ತಕ ಯಾರ್ ತಗೋತಾರೆ?" ಎಂದು ರೇಗಿದ್ದಾರೆ. ರೇಗಲಿ.

ಷಡಕ್ಷರಿ


ಕರೇಕಲ್ಲುಕೋಟೆ
೯ ಫೆಬ್ರವರಿ ೧೯೫೯

ಷಡಕ್ಷರಿ,

ನೀನು ಕೇಳಿದ್ದನ್ನು ನಿಮ್ಮ ಭಾವನಿಗೆ ಓದಿ ಹೇಳಿದೆ. ಕೊಬ್ಬರಿ ಒಡೆಯುತ್ತಾ ಕೂತಿದ್ದರು, ಕತ್ತಿ ಕೆಳಗಿಟ್ಟು ಜೋರಾಗಿ ನಕ್ಕರು. ಎಷ್ಟೋ ತಿಂಗಳ ಮೇಲೆ ಅವರು ಹಾಗೆ ನಕ್ಕಿದ್ದು. ಅವರು ಹೇಳಿದ್ದನ್ನೇ ಬರೆಯುತ್ತೇನೆ: "ನಡುಗ್ದೆ ಇರಕ್ಕೆ ನಾನೇನ್ ಕಲ್ಲಾ? ಮೊದ್ಲ ಮೂರು ಸಲ ಮೇಷ್ಟ್ರು ಹೇಳ್ಕೊಟ್ಟಂಗೆ ನಡುಗ್ದೆ. ನಾಲ್ಕ್ನೇದು ನಂದೇ. ಕಾಲು ನಿಲ್ತಾನೇ ಇರ್ಲಿಲ್ಲ. ನಿನ್ ತಮ್ಮ ಬರ್ದಿರೋದ್ರಲ್ಲಿ ನಡುಗೋದೊಂದು ಸರಿಯಾಗೈತೆ ಅಂತ ಬರಿ. ಮಲ್ಲಯ್ಯಜ್ಜನೂ ನಡುಗಿರ್ತಾನೆ. ನಡುಗ್ತಾನೇ ತೆಗ್ದಿರ್ತಾನೆ."

ಇಷ್ಟು ಉತ್ತರ.

ಇನ್ನು ನೀನು ಎತ್ತಬೇಡ ಎಂದ ವಿಷಯ. ಎತ್ತುತ್ತೇನೆ. ಕಾಗದ ಬರುವುದಿಲ್ಲ ಎಂದರೆ ಬರದಿರಲಿ. ಅವತ್ತು ಕಡಬದ ಕೆರೆಯಲ್ಲಿ ಒಂದು ಸಲ ನನ್ನ ತಲೆ ನೀರಿನ ಮೇಲೆ ಬಂದಿತ್ತು. ಆಗ ನೀನು ಏರಿಯ ಮೇಲೆ ಓಡುವುದು ಕಂಡಿತು. ನೆಟ್ಟಗೆ ಓಡುತ್ತಿರಲಿಲ್ಲ ನೀನು. ಕಾಲು ಕಾಲಿಗೆ ತೊಡರಿ ಬಿದ್ದೆ, ಎದ್ದು ಓಡಿದೆ, ಮತ್ತೆ ಬಿದ್ದೆ. ಅಷ್ಟು ನಡುಗುತ್ತಿದ್ದೆ. ಎದ್ದು ಮತ್ತೆ ಓಡಿದೆ. ದೊಡ್ಡಪ್ಪ ಮನೆಯಲ್ಲಿದ್ದರು, ಅದನ್ನು ನೋಡಿರಲಿಲ್ಲ. ನೋಡಿದವಳು ನಾನೊಬ್ಬಳೇ. ಇಷ್ಟು ವರ್ಷ ಯಾಕೆ ಹೇಳಲಿಲ್ಲವೋ ಗೊತ್ತಿಲ್ಲ. ನಿನಗೆ ಗೊತ್ತಿರುತ್ತದೆ ಎಂದುಕೊಂಡಿದ್ದೆ.

ಇದನ್ನು ಎಲ್ಲಾದರೂ ನಾಟಕ ಮಾಡಿದೆಯೋ, ನೋಡು, ತುಮಕೂರಿಗೇ ಬಂದು ಹಿಡಿದುಕೊಳ್ಳುತ್ತೇನೆ.

ಹೊಸ ದೃಶ್ಯ ಬರೆದರೆ ಮೊದಲು ಇಲ್ಲಿಗೆ ಕಳಿಸು. ನಾನು ಓದಿದ ಮೇಲೆ ಅಚ್ಚಿಗೆ. ಸೀರೆಯನ್ನು ಈಗಲೇ ಕಳಿಸಬೇಡ, ಓದಿ ನೋಡಿ ಹೇಳುತ್ತೇನೆ. ಸಿಟ್ಟು ಇಳಿದಿಲ್ಲ. ಜ್ವರ ನಿಜವಾಗಿ ಬಂದಿದ್ದರೆ ಮೆಣಸಿನ ಕಷಾಯ ಕುಡಿ.

ನಿನ್ನ ಅಕ್ಕ,
ಬಸವಲಿಂಗಮ್ಮ